ಸೂತಕದ ಮನೆಯಲ್ಲಿ ಕುಬಸ

ಮೊನ್ನೆ ಮುಲುಂಡ್ ಸ್ಟೇಷನ್ನಿನ ಹೊರಗೆ ಭಾಜಿಯವಳ ಬುಟ್ಟಿಯಲ್ಲಿ ಸಬ್ಬಸಿಗೆ ಸೊಪ್ಪು ಕಂಡು, ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದೆ. ಅವಳು ಬೆಲೆ ಹೇಳುತ್ತಲೇ ಇದ್ದಳು, ನನಗೆಲ್ಲಿ ಕೇಳಿಸಬೇಕು? ಆ ವಾಸನೆ ನನ್ನನ್ನು ಎಲ್ಲಿಗೋ ಒಯ್ದುಬಿಟ್ಟಿತ್ತು... ನಮ್ಮ ಹಳೆಯ ಬಿಲ್ಡಿಂಗಿನ ಅಡುಗೆಮನೆ, ಕಿಟಕಿಯಿಂದ ಇಳಿಯುವ ಚಳಿಗಾಲದ ಎಳೆಬಿಸಿಲು, ಸೌತೆಕಾಯಿಯ ಮೇಲೆ ಹಸಿ ಸಬ್ಬಸಿಗೆ ಉದುರಿಸಿಕೊಂಡು ಕಣ್ಣು ಮುಚ್ಚಿ ತಿನ್ನುತ್ತಿದ್ದ ನಮ್ಮ ಬೀಗತಿ.

ಬೀಗತಿ ಎಂದರೆ ನನ್ನ ಅಣ್ಣನ ಅತ್ತೆ, ವೈನಿಯ ತಾಯಿ. ರಷ್ಯಾದವರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನಿನ್ನೂ ಹೈಸ್ಕೂಲು. ಪವಾಯಿಯ ಕಾಲೇಜಿಗೆ ರಷ್ಯಾದಿಂದ ಬಂದಿದ್ದ ಇಂಜಿನಿಯರುಗಳ ಜೊತೆ ವೈನಿ ದುಭಾಷಿಯಾಗಿ ಬಂದಿದ್ದಳು. ಅಲ್ಲೇ ಕೆಲಸಕ್ಕಿದ್ದ ಅಣ್ಣ ಅವಳನ್ನು ಮದುವೆಯಾದ. ಧಾರವಾಡದ ಕಡೆಯ ನಮ್ಮ ಬಳಗ ಚೆಂಬೂರು, ದಾದರ್, ಡೊಂಬಿವಲಿ ಅಂತ ಮುಂಬಯಿ ತುಂಬ ಹರಡಿತ್ತು, ಎಲ್ಲರೂ ಮೂಗು ಮುರಿದರು. ಅವ್ವ ಊಟ ಬಿಟ್ಟು ಮಲಗಿದಳು. ಆದರೆ ವೈನಿ ಬಸುರಿ ಎಂದು ಗೊತ್ತಾದದ್ದೇ ತಡ, ಎದ್ದು ಕೂತು ಉಂಡಿ ಕಟ್ಟತೊಡಗಿದಳು! ಏಳನೇ ತಿಂಗಳಿಗೆ ಬಳಗವನ್ನೆಲ್ಲ ಕರೆದು ಕುಬಸ ಮಾಡಬೇಕು, ಸೊಸೆಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಎಲ್ಲರ ಕಣ್ಣೆದುರು ಉಡಿ ತುಂಬಬೇಕು. ಆಮೇಲೆ ಈಕೆ ನಮ್ಮವಳಲ್ಲ ಎಂದು ಯಾರು ಬಾಯಿ ತೆರೆಯುತ್ತಾರೋ ನೋಡೋಣ ಎಂಬುದು ಅವ್ವನ ಲೆಕ್ಕ. ಕುಬಸಕ್ಕೆ ತವರಿನವರು ಬರಲೇಬೇಕಲ್ಲ? ಅಣ್ಣ ಎಲ್ಲೆಲ್ಲಿಗೋ ಓಡಾಡಿ ಅತ್ತೆಯನ್ನು ಕರೆಸಿದ.

ಬೀಗತಿ ಬಾಗಿಲಲ್ಲಿ ನಿಂತದ್ದು ಈಗಲೂ ಮಂಜಿನೊಳಗಿಂದ ಕಂಡಂತೆ ಕಾಣುತ್ತದೆ. ತಲೆಗೆ ಹೂವಿನ ವಸ್ತ್ರ, ಕೆಂಪು ಕೆನ್ನೆ, ಕೈಯಲ್ಲಿ ವಿಮಾನ ನಿಲ್ದಾಣದ ಹೊರಗೆ ಕೊಂಡ ಹೂಗಳು. ಅವ್ವ ಹೂವಿಗೆ ಕೈ ಚಾಚಿದಳು. ಬೀಗತಿ ಗಾಬರಿಯಿಂದ ತಲೆಯಾಡಿಸಿ, ಹೊಸ್ತಿಲು ದಾಟಿ ಒಳಗೆ ಬಂದು, ಆಮೇಲೆ ಕೊಟ್ಟರು.

"ಹೊಸ್ತಿಲ ಮ್ಯಾಲ ನಿಂತು ಏನೂ ಕೊಡಬಾರದಂತ ಆಕಿಗೂ ಗೊತ್ತದ ನೋಡು!" ಎಂದು ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಆ ಕ್ಷಣವೇ ಬೀಗತಿ ಪಾಸಾದರು.

ಊಟದಲ್ಲಿ ಮಾತ್ರ ಇಬ್ಬರ ಸಂಪ್ರದಾಯಗಳೂ ಡಿಕ್ಕಿ ಹೊಡೆದವು. ತಟ್ಟೆಯಲ್ಲಿ ಉಳಿಸಿದರೆ ಬಡಿಸಿದವರಿಗೆ ಅವಮಾನ ಎಂದು ಬೀಗತಿ ಎಲ್ಲವನ್ನೂ ಬಳಿದು ತಿನ್ನುವರು. ತಟ್ಟೆ ಬರಿದಾದರೆ ಹೊಟ್ಟೆ ತುಂಬಿಲ್ಲವೆಂದು ಅವ್ವ ಮತ್ತೊಂದು ಹೋಳಿಗೆ ಹಾಕುವಳು. ಒಬ್ಬರೂ ಸೋಲಲಿಲ್ಲ. ಕೊನೆಗೆ ವೈನಿ ನಗುತ್ತ ತಾಯಿಯ ತಟ್ಟೆಗೆ ತನ್ನ ಕೈ ಅಡ್ಡ ಹಿಡಿಯಬೇಕಾಯಿತು. ಚಹಾಕ್ಕೆ ಜಾಮ್ ಹಾಕಿಕೊಂಡು ಕುಡಿಯುವುದನ್ನು ನಾನು ಅವರಿಂದ ಕಲಿತೆ. ಅವರು ನನ್ನಿಂದ ರಂಗೋಲಿ ಕಲಿತರು. ಬೆಳಗಿನ ಹೊತ್ತು ಬಾಗಿಲ ಮುಂದೆ ಕೂತು, ದೂರದ ಲೋಕಲ್ ಸದ್ದು ಕೇಳುತ್ತ, ಒಂದೂ ಮಾತಿಲ್ಲದೆ ಇಬ್ಬರೂ ಚುಕ್ಕಿ ಇಡುತ್ತಿದ್ದೆವು... ಎಷ್ಟು ಚೆಂದದ ದಿನಗಳು!

ಹೀಗಿರುವಾಗ ಒಂದು ಸಂಜೆ ಅವ್ವ ಹುರುಪಿನಿಂದ ಟ್ರಂಕು ತೆರೆದಳು. ಕೂಸಿಗೆಂದು ಹೊಲಿದ ಕುಲಾವಿ, ತನ್ನ ಹಳೆಯ ಇಳಕಲ್ ಸೀರೆಯ ಪುಟ್ಟ ಕೌದಿ, ಒಂದೊಂದಾಗಿ ಬೀಗತಿಯ ತೊಡೆಯ ಮೇಲೆ ಇಟ್ಟಳು. ಬೀಗತಿಯ ಮುಖ ಬಿಳಿಚಿಕೊಂಡಿತು. ಅವುಗಳನ್ನು ತಳ್ಳಿ ಎದ್ದು ಗ್ಯಾಲರಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು. ಅವ್ವ ಕೌದಿ ಹಿಡಿದು ಕೂತಲ್ಲೇ ಕೂತಳು.

ವೈನಿ ತಾಯಿಯ ಜೊತೆ ಮಾತಾಡಿ ಬಂದಳು. ಅವಳ ಕನ್ನಡ ಅವ್ವನಿಂದಲೇ ಕಲಿತದ್ದು, ತಡೆತಡೆದು ಬರುತ್ತಿತ್ತು. "ಅವ್ವಾ, ನಮ್ಮ ಕಡೆ ಕೂಸು ಹುಟ್ಟೂ ಮೊದಲ ಏನೂ ತರೂದಿಲ್ಲ. ಯಾರಿಗೂ ತೋರ್ಸೂದಿಲ್ಲ. ನಮ್ಮ ಅಮ್ಮ ಮೊದಲನೇ ಕೂಸಿಗೆ ಎಲ್ಲಾ ಹೊಲದು ಇಟ್ಟಿದ್ದಳು. ಯುದ್ಧದ ಕಾಲ. ಕೂಸು ಸತ್ತು ಹುಟ್ಟಿತು. ಅದಕ್ಕ ಅಂಜಿಕಿ. ಕುಬಸ ಬ್ಯಾಡ ಅಂತಾಳ."

ಅವ್ವ ಅವತ್ತೇ ಕುಲಾವಿ, ಕೌದಿಗಳನ್ನು ಗಂಟು ಕಟ್ಟಿ ಮೇಲಿನ ಮನೆಯವರಿಗೆ ಕೊಟ್ಟು ಬಂದಳು. ಆದರೆ ಕುಬಸಕ್ಕೆ ಬಳಗಕ್ಕೆಲ್ಲ ಕರೆ ಹೋಗಿಯಾಗಿತ್ತು. ಬೇಡವೆಂದರೆ ಜನ ಸುಮ್ಮನಿರುತ್ತಾರೆಯೇ? ಬೀಗತಿಗೆ ನಮ್ಮ ರೀತಿ ಸೇರಲಿಲ್ಲ ಎನ್ನುವರು, ಇಲ್ಲವೇ ಅತ್ತೆಯೇ ಸೊಸೆಯನ್ನು ಒಪ್ಪಲಿಲ್ಲ ಎನ್ನುವರು. ಹೇಗೆ ಬಂದರೂ ಆ ಮಾತು ತುಂಬಿದ ಬಸುರಿಯ ಕಿವಿಗೇ ಬೀಳಬೇಕು.

ಮರುದಿನ ಬೆಳಿಗ್ಗೆ ಅವ್ವ ದೇವರ ದೀಪ ಹಚ್ಚಲಿಲ್ಲ. "ಊರಿಂದ ಸುದ್ದಿ ಬಂದದ. ನಮ್ಮ ಮನೆತನದೊಳಗ ಹಿರೇರೊಬ್ಬರು ಹೋದರು. ಹತ್ತು ದಿನ ಸೂತಕ, ಕುಬಸ ಇಲ್ಲ. ಎಲ್ಲಾರಿಗೂ ತಿಳಿಸಿಬಿಡ್ರಿ," ಎಂದಳು.

ಅಪ್ಪ ಬೆಚ್ಚಿಬಿದ್ದ. "ಯಾರು ಹೋದರು? ನನಗ ಗೊತ್ತಿಲ್ಲದ ಹಿರೇರು ನನ್ನ ಮನೆತನದಾಗ ಯಾರಿದ್ದರು?"

"ನೀವು ಪೇಪರ್ ಓದ್ರಿ."

ಅಪ್ಪ ಅವಳ ಮುಖ ನೋಡಿದ. ತೆಪ್ಪಗೆ ಪೇಪರು ಎತ್ತಿ ಹಿಡಿದ. ಮಡಿ, ಮೈಲಿಗೆ ಎಂದು ನಮ್ಮ ಪ್ರಾಣ ತಿನ್ನುತ್ತಿದ್ದ ಅವ್ವ, ಇಲ್ಲದ ಮನುಷ್ಯನನ್ನು ಹುಟ್ಟಿಸಿ ಸಾಯಿಸಿದ್ದಳು!

ಈ ಗುಟ್ಟು ವೈನಿಗೂ ಗೊತ್ತಿರಲಿಲ್ಲ. ದೀಪವಿಲ್ಲದ ದೇವರನ್ನು ಕಂಡು ಬೀಗತಿ ಕೇಳಿದಾಗ, ಮನೆತನದಲ್ಲಿ ಸಾವಾಗಿದೆ ಎಂದು ಅವಳು ಹೇಳಿದಳು. ಬೀಗತಿ ತಡಮಾಡದೆ ತಮ್ಮ ಕಡೆಯ ಸಾವಿನ ಮನೆಯ ರೀತಿಗಳಿಗೆ ತೊಡಗಿದರು. ತಮ್ಮ ಶಾಲು ತಂದು ಕನ್ನಡಿಗೆ ಮುಚ್ಚಿದರು. ಒಂದು ಗ್ಲಾಸಿನಲ್ಲಿ ನೀರು ತುಂಬಿ, ಅದರ ಬಾಯಿಗೆ ಬ್ರೆಡ್ಡಿನ ತುಂಡು ಇಟ್ಟು ಮೇಜಿನ ಮೇಲಿಟ್ಟರು. ತೆಳ್ಳಗೆ ದೋಸೆಯಂಥದ್ದನ್ನು ಹುಯ್ದು, ಮೊದಲನೆಯದನ್ನು ಸತ್ತವರಿಗೆಂದು ತೆಗೆದಿರಿಸಿದರು. ಆಮೇಲೆ ಅವ್ವನ ಕೈ ಹಿಡಿದು ಪಕ್ಕದಲ್ಲಿ ಕೂತು ಏನೋ ಕೇಳಿದರು.

"ಹೋದವರು ಹ್ಯಾಂಗಿದ್ದರು ಅಂತ ಕೇಳ್ತಾಳ. ಅವರ ಬಗ್ಗೆ ಛಲೋ ಮಾತು ಆಡಬೇಕಂತ," ಎಂದಳು ವೈನಿ.

ಅಪ್ಪನ ಕೈಯ ಪೇಪರು ಅಲುಗತೊಡಗಿತು. ಅವ್ವ, "ಭಾಳ ಛಲೋ ಮನಷ್ಯಾ..." ಎಂದು ಶುರುಮಾಡಿದಳು. ಬೀಗತಿಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡಮೇಲೆ ಅವ್ವನಿಗೆ ಮುಂದೆ ಆಗಲಿಲ್ಲ.

"ಯಾರೂ ಸತ್ತಿಲ್ಲವ್ವಾ. ನಿಮ್ಮವ್ವಗ ಹೇಳು. ಆಕಿ ಅಂಜಿದ್ದು ನನಗ ನೋಡಲಿಕ್ಕಾಗಲಿಲ್ಲ. ಮಂದಿ ಬಾಯಾಗ ಆಕೀನ ಕೊಡಬಾರದು, ನಿನ್ನನ್ನೂ ಕೊಡಬಾರದು ಅಂತ ಸುಳ್ಳ ಹೇಳೀನಿ."

ವೈನಿ ಅದನ್ನು ರಷ್ಯನ್ನಿನಲ್ಲಿ ಹೇಳಲು ಬಹಳ ಹೊತ್ತು ತೆಗೆದುಕೊಂಡಳು. ಬೀಗತಿ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಗ್ಲಾಸನ್ನು ತೆಗೆಯಹೋದ ನನ್ನ ಕೈಯನ್ನು ಮೆಲ್ಲಗೆ ತಡೆದು, ಅದನ್ನೇ ನೋಡುತ್ತ ಮಾತಾಡಿದರು.

"ಇದು ಇರಲಿ ಅಂತಾಳ," ಎಂದಳು ವೈನಿ. "ಆ ಕೂಸಿಗೆ ಅಂತ. ಆವಾಗ ಯಾರೂ ಜೋಡಿ ಕೂಡಲಿಲ್ಲಂತ. ಹೆಸರೂ ಇಟ್ಟಿರಲಿಲ್ಲಂತ. ಎದ್ದು ಕಾರ್ಖಾನೆಗೆ ಹೋದಳಂತ."

ಅವ್ವ ಸರಿದು ಅವರ ಭುಜಕ್ಕೆ ಭುಜ ತಾಗಿಸಿ ಕೂತಳು. "ನಾ ಕೂಡ್ತೀನಿ ಅಂತ ಹೇಳು."

ಆ ಮಧ್ಯಾಹ್ನವಿಡೀ ಇಬ್ಬರೂ ಕೂತೇ ಇದ್ದರು. ಗ್ಲಾಸಿನ ನೀರಿನ ಮೇಲೆ ಬಿಸಿಲು ಬಂತು, ಸರಿದು ಹೋಯಿತು. ಲೋಕಲ್‌ಗಳು ಬರುತ್ತ ಹೋಗುತ್ತ ಇದ್ದವು. ಒಮ್ಮೆ ಬೀಗತಿ ಬಿಕ್ಕಿದರು, ಅವ್ವ ಸೆರಗಿನಿಂದ ಅವರ ಮುಖ ಒರೆಸಿದಳು. ನಾನು ಗೋಡೆಗೊರಗಿ ನೋಡುತ್ತಲೇ ನಿದ್ದೆ ಹೋಗಿದ್ದೆನೋ ಏನೋ...

ಕೆಲವು ದಿನಗಳಾದ ಮೇಲೆ, ಆ ಹತ್ತು ದಿನ ಮುಗಿಯುವ ಮೊದಲೇ, ಬೀಗತಿ ಒಬ್ಬರೇ ಸ್ಟೇಷನ್ ರೋಡಿಗೆ ಹೋಗಿ ಹಸಿರು ಬಳೆ ತಂದರು. ಕೂಸಿಗೆ ಅಲ್ಲವಂತೆ, ಮಗಳಿಗೆ. ಅವ್ವ ತಟಕ್ಕನೆ ಬಾಗಿಲು ಹಾಕಿಸಿದಳು. ಅಪ್ಪ, ಅಣ್ಣ ಇಬ್ಬರೂ ಗ್ಯಾಲರಿಯಲ್ಲಿ ಕಾವಲು. ಬೀಗತಿ ಮಗಳಿಗೆ ಬಳೆ ತೊಡಿಸಿದರು. ಅವ್ವ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣಿನಿಂದ ಉಡಿ ತುಂಬಿ, ಹಾಡನ್ನು ಗಂಟಲಲ್ಲೇ ಹಾಡಿದಳು. ಸೂತಕದ ಮನೆಯಲ್ಲಿ ಕುಬಸ! ಬಳಗಕ್ಕೆ ತಿಳಿದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ. ವೈನಿ ಅಳುತ್ತ ನಗುತ್ತ ಇದ್ದಳು. ಅವಳ ತಾಯಿಯ ಮುಖದಲ್ಲಿ ಅವತ್ತು ಅಂಜಿಕೆ ಇರಲಿಲ್ಲ.

ಇರಲು ಕೊಟ್ಟ ಅವಧಿ ಮುಗಿದು, ಹೆರಿಗೆಗೆ ಮೊದಲೇ ಬೀಗತಿ ಹೊರಟುಹೋಗಬೇಕಾಯಿತು. ಹುಟ್ಟಿದ್ದು ಗುಂಡುಗುಂಡಾದ ಹೆಣ್ಣುಕೂಸು. ಫೋಟೋ ಕಳಿಸಿದೆವು. ಮತ್ತೆ ಬರಲು ಅವರಿಗೆ ಪರವಾನಗಿ ಸಿಗಲಿಲ್ಲ, ವೈನಿಗೂ ಹೋಗಲಾಗಲಿಲ್ಲ. ಎಪ್ಪತ್ತರ ದಶಕದ ನಡುವೆ ಎಲ್ಲೋ, ಅವರು ಹೋದ ಸುದ್ದಿ ಬಂತು.

ಅವ್ವ ದೇವರ ದೀಪ ಹಚ್ಚುವುದನ್ನು ನಿಲ್ಲಿಸಿದಳು. ಚೆಂಬೂರಿನ ಸೋದರತ್ತೆ ಬಂದವಳು ನೋಡಿ, "ಇದೇನ ಹುಚ್ಚು? ಬೀಗರು ಸತ್ತರ ನಮಗೆಲ್ಲೆ ಸೂತಕ ಬರ್ತದ?" ಎಂದು ಗದರಿದಳು.

"ಹುಟ್ಟಲಾರದವರಿಗೆ ಹತ್ತು ದಿನ ಹಿಡದೀನಿ," ಎಂದಳು ಅವ್ವ. "ನನ್ನ ಬೀಗತಿಗೆ ಹಿಡಿಬಾರದೇನು?"

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಹೇಳುವವರೂ ನಾವಲ್ಲ. ಈಗ ಅವ್ವನೂ ಇಲ್ಲ, ಆ ಬಿಲ್ಡಿಂಗೂ ಇಲ್ಲ. ಅಣ್ಣನ ಮಗಳು ಆಗಾಗ ಬಂದು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ತನ್ನ ರಷ್ಯಾದ ಅಜ್ಜಿಯ ಬಗ್ಗೆ ಕೇಳುತ್ತಾಳೆ. ಅದೇ ಕೆಂಪು ಕೆನ್ನೆ. ಅವಳನ್ನು ಒಂದು ಸಲ, ಒಂದೇ ಒಂದು ಸಲ ಅವರು ಎತ್ತಿಕೊಳ್ಳಬೇಕಿತ್ತು... ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.