ಕಾರಿನ ಹಿಂಬಾಗಿಲಲ್ಲಿ ಹಲ್ಲಿ

ಬ್ಯಾಟರಿ ದೊಡ್ಡಯ್ಯನವರ ವಿಷಯ ಬರೆಯಲು ಕೂತರೆ ನಮ್ಮ ಸೋದರತ್ತೆ ಗಂಗಾಂಬಿಕೆಯ ಮೇಲೆ ನನಗಿದ್ದ ಸಿಟ್ಟನ್ನೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ. ಅತ್ತೆ ಈಗಿಲ್ಲ, ಇದ್ದಿದ್ದರೂ ಬರೆಯುತ್ತಿದ್ದೆ.

ದೊಡ್ಡಯ್ಯ ಚಂದಕವಾಡಿಯವರು. ದನ ಕಾಯುವುದು ಬಿಟ್ಟು ಮೈಸೂರಿನ ಮೋಟಾರು ಶೆಡ್ಡೊಂದಕ್ಕೆ ಸೇರಿ, ಬ್ಯಾಟರಿಗೆ ನೀರು ಹಾಕುವುದರಿಂದ ಶುರುಮಾಡಿ ವೈರಿನ ಕೆಲಸವನ್ನೆಲ್ಲ ಕಲಿತು, ಚಾಮರಾಜನಗರಕ್ಕೆ ವಾಪಸು ಬಂದು ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿದ್ದರು. ಆಸಿಡ್ಡು ಬಿದ್ದು ಅವರ ಪಂಚೆಗಳೆಲ್ಲ ತೂತು. "ನಮ್ಮೆಜಮಾನ್ರ ಪಂಚೆಲಿ ರಾಗಿ ಹಿಟ್ಟು ಜರಡಿ ಹಿಡಿಬೋದು" ಎಂದು ಅವರ ಹೆಂಡತಿ ಸೋಮಮ್ಮ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಕೆಟ್ಟ ಗಾಡಿ ಬಂದ ತಕ್ಷಣ ಸ್ಪ್ಯಾನರ್ ಎತ್ತುವ ಜಾಯಮಾನ ಅವರದಲ್ಲ. ಬಾಯಿಗೆ ಎಲೆಯಡಿಕೆ ಹಾಕಿಕೊಂಡು, ಗಾಡಿಯವರನ್ನು ಎದುರಿಗೆ ಕೂರಿಸಿಕೊಂಡು, ಯಾವಾಗ, ಎಲ್ಲಿ, ಏನು ಸದ್ದು ಎಂದು ವಿಚಾರಿಸುತ್ತಿದ್ದರು. ಅವಸರದವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ನಮ್ಮಪ್ಪ ಶಾಂತಮಲ್ಲಪ್ಪನವರದು ಅರಿಸಿನದ ಮಂಡಿ. ಐವತ್ತೊಂಬತ್ತನೆಯ ಇಸವಿಯಲ್ಲಿ, ನೀಲಗಿರಿಯ ಎಸ್ಟೇಟಿನ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಅಮೆರಿಕದ ಕಾರನ್ನು ಕೊಂಡು ತಂದರು. ಬೀದಿಗೆ ಅಡ್ಡ ನಿಂತರೆ ಎತ್ತಿನ ಗಾಡಿ ದಾಟುವ ಹಾಗಿರಲಿಲ್ಲ, ಅಷ್ಟು ಉದ್ದ. ಮುಂದಿನ ಸೀಟಿನಲ್ಲಿ ಒಂದು ಗುಂಡಿ ಒತ್ತಿದರೆ ನಾಲ್ಕೂ ಬಾಗಿಲಿಗೆ ಕರೆಂಟಿನಲ್ಲೇ ಬೀಗ ಬೀಳುತ್ತಿತ್ತಂತೆ. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಡ್ರೈವರ್ ಕರಿಬಸವಯ್ಯನಿಗೆ ಬ್ರೇಕು ಗೊತ್ತಿತ್ತು, ಹಾರನ್ನು ಚೆನ್ನಾಗಿ ಗೊತ್ತಿತ್ತು.

ಆಗ ನನಗೆ ಹತ್ತೊಂಬತ್ತು. ಗುಂಡ್ಲುಪೇಟೆಯಿಂದ ಗಂಗಾಧರಸ್ವಾಮಿ ಎಂಬ ಸ್ಕೂಲು ಮೇಷ್ಟ್ರು ನನ್ನನ್ನು ನೋಡಲು ಬಂದರು. ನೋಡುವ ಗಡಿಬಿಡಿಯಲ್ಲಿ ಲೋಟದ ಕಾಫಿಯನ್ನು ಮಡಿಲಿಗೇ ಸುರಿದುಕೊಂಡು, ತಮ್ಮನ್ನು ನೋಡಿ ತಾವೇ ನಕ್ಕುಬಿಟ್ಟರು. ಹಿರಿಯರೆಲ್ಲ ಮುಖ ಗಂಟುಹಾಕಿಕೊಂಡರು. ನನಗೆ ಮಾತ್ರ ಅವರು ಆ ಕ್ಷಣವೇ ಇಷ್ಟವಾಗಿಬಿಟ್ಟರು.

ಇನ್ನು ನಮ್ಮವರು ಗುಂಡ್ಲುಪೇಟೆಗೆ ಹೋಗಿ ಮನೆ ನೋಡಿಕೊಂಡು ಮಾತು ಮುಗಿಸಿ ಬರಬೇಕಿತ್ತು. ಒಂದು ಸೋಮವಾರ ಹೊರಟರು. ಅತ್ತೆ ಹಿಂದಿನ ಸೀಟಿನಲ್ಲಿ ಎಡಗಡೆ ಕೂತರು. ಕರಿಬಸವಯ್ಯ ಕೀಲಿ ತಿರುಗಿಸಿದ್ದೇ ತಡ, ಅತ್ತೆಯ ಪಕ್ಕದಲ್ಲೇ "ಲೊಚ ಲೊಚ ಲೊಚ" ಎಂದಿತು.

"ಹಲ್ಲಿ! ಬಡಗಲಿಂದ ನುಡಿತು" ಎಂದು ಅತ್ತೆ ಇಳಿದುಬಿಟ್ಟರು. ಪಂಚಾಂಗ ತೆಗೆಸಿದರು. ಹಲ್ಲಿ ಯಾವ ವಾರ ಯಾವ ದಿಕ್ಕಿನಿಂದ ನುಡಿದರೆ ಏನು ಫಲ ಎಂದು ಅದರಲ್ಲಿ ಪಟ್ಟಿಯೇ ಇರುತ್ತದೆ. ಸೋಮವಾರ ಬಡಗಲಾದರೆ ಕಲಹ ಎಂದಿತ್ತು. ಪಯಣ ನಿಂತಿತು.

ಸೀಟುಗಳನ್ನೆಲ್ಲ ಕಿತ್ತು ಹಲ್ಲಿಗಾಗಿ ಹುಡುಕಿದರು. ಒಂದು ಬಾಲವೂ ಸಿಗಲಿಲ್ಲ. ನವಿಲುಗರಿ ಕಂಡರೆ ಹಲ್ಲಿ ಓಡಿಹೋಗುತ್ತದೆಂದು ಅತ್ತೆ ಕಾರಿನೊಳಗೆ ಒಂದು ಕಟ್ಟು ನವಿಲುಗರಿ ಸಿಕ್ಕಿಸಿದರು. ಗುರುವಾರ ಮತ್ತೆ ಹೊರಟರು. ಮತ್ತೆ ಲೊಚ ಲೊಚ. ಈ ಸಲ ತೆಂಕಲ ದಿಕ್ಕು, ಫಲ ಹಾನಿ. ಅತ್ತೆ ಇಳಿಯಲು ಹೋದರೆ ಟಕ್ಕೆಂದು ನಾಲ್ಕೂ ಬಾಗಿಲು ಬಿಗಿದುಕೊಂಡವು. ಕರಿಬಸವಯ್ಯ ತಡಕಾಡಿ ಬಿಡಿಸುವಷ್ಟರಲ್ಲಿ ಅತ್ತೆ ಒಳಗಿನಿಂದಲೇ ಮನೆದೇವರಿಗೆ ಮೂರು ಹರಕೆ ಹೊತ್ತಾಗಿತ್ತು.

"ಬ್ಯಾಡ ಕಣಪ್ಪ ಈ ಸಂಬಂದ. ಕಾರೇ ಬ್ಯಾಡ ಅಂತದೆ" ಎಂದರು ಅಪ್ಪನಿಗೆ. ಅಕ್ಕನ ಎದುರು ಅಪ್ಪ ಬೆಕ್ಕಿನ ಮುಂದಿನ ಇಲಿ. ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಕಾಗದ ಬಂತು: ಎರಡು ಸಲ ಅಡುಗೆ ಮಾಡಿ ಕಾದಿದ್ದಾಯಿತು, ಬರುವ ಭಾನುವಾರವೂ ನೀವು ಬರದಿದ್ದರೆ ನಂಜನಗೂಡಿನ ಹೆಣ್ಣಿಗೆ ಮಾತು ಕೊಡುತ್ತೇವೆ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಬಾಯಿಬಿಟ್ಟು ಹೇಳಲು ನನ್ನ ಹತ್ತಿರ ಯಾರೂ ಏನೂ ಕೇಳಿರಲಿಲ್ಲವಲ್ಲ!

ಭಾನುವಾರ ಬೆಳಿಗ್ಗೆ ಅಪ್ಪ ದೊಡ್ಡಯ್ಯನವರಿಗೆ ಹೇಳಿಕಳಿಸಿದರು. ಹಲ್ಲಿಗಾಗಿ ಅಲ್ಲ, ಬಾಗಿಲು ಬಿಗಿದುಕೊಳ್ಳುತ್ತದೆಂದು. ದೊಡ್ಡಯ್ಯ ಬಂದು ಕಾರನ್ನು ಒಂದು ಸುತ್ತು ಹಾಕಿ, ಜಗಲಿಯ ಅಂಚಿಗೆ ಕೂತು ಎಲೆಯಡಿಕೆ ಹಾಕಿಕೊಂಡರು. ಅತ್ತೆ ನಡೆದದ್ದನ್ನೆಲ್ಲ ಉತ್ಸಾಹದಿಂದ ಒಪ್ಪಿಸಿದರು.

"ಒಂದ್ಸಲ ಬಡಗ್ಲು, ಇನ್ನೊಂದ್ಸಲ ತೆಂಕ್ಲು. ಎರಡ್ ಹಲ್ಲಿ ಅವೆ ಕಣ್ಲಾ ದೊಡ್ಡಯ್ಯ."

"ದಿಕ್ಕು ಬುಡಿ ಅವ್ವಾರೆ. ಯಾವ್ ಬಾಗ್ಲು?"

"ನಾ ಕೂತಿದ್ ಬಾಗ್ಲೇ."

"ಎರಡ್ ಸಲನೂವೆ?"

"ಊಂ, ಎರಡ್ ಸಲನೂ."

"ಕರಿಬಸವಣ್ಣ, ಗಾಡಿ ಮಕ ಯಾವ್ ಕಡಿಕಿತ್ತು?"

"ಮೊದ್ಲು ಮೂಡ್ಲಿಗೆ. ಗುರ್ವಾರ ಪಡುವ್ಲಿಗೆ ತಿರುಗ್ಸಿ ನಿಲ್ಸಿದ್ದಿ."

ದೊಡ್ಡಯ್ಯ ಎದ್ದುಹೋಗಿ ಎಲೆ ಉಗಿದು ಬಂದರು. "ಅಂಗಾರೆ ಹಲ್ಲಿ ಜಾಗ ಬುಟ್ಟು ಓಗಿಲ್ಲ ಬುಡಿ, ಗಾಡಿನೇ ತಿರುಗ್ಯದೆ."

ಹಿಂದಿನ ಎಡಬಾಗಿಲು ತೆಗೆಸಿ, ಕೀಲಿನ ಹತ್ತಿರ ಗೋಣಿಚೀಲ ಹಾಸಿಕೊಂಡು ಮಲಗಿದರು. ಕೀಲಿ ತಿರುಗಿಸಲು ಕರಿಬಸವಯ್ಯನಿಗೆ ಹೇಳಿ, ಸಂದಿಯಿಂದ ಏನನ್ನೋ ಈಚೆಗೆ ಎಳೆಯತೊಡಗಿದರು. ಇತ್ತ ಅತ್ತೆ ಬಿಟ್ಟೇ ಇರಲಿಲ್ಲ. "ಗಾಡಿ ರಿಪೇರಿ ಆದ್ರೂ ಶಕುನ ರಿಪೇರಿ ಆದದಾ? ಇವತ್ತು ಹೋಗದು ಬ್ಯಾಡ. ನಂಜನಗೂಡ್ನೋರೇ ಕೊಟ್ಕಳ್ಳಿ." ಅಪ್ಪ ಅಂಗವಸ್ತ್ರದ ತುದಿ ಹಿಂಡುತ್ತಾ ನಿಂತಿದ್ದರು. ಇನ್ನೇನು "ಆಯ್ತಕ್ಕ" ಅನ್ನುತ್ತಾರೆ ಎಂದು ಜಗಲಿಯ ಕಂಬದ ಪಕ್ಕ ನಿಂತ ನಾನು ಅವರ ಬಾಯನ್ನೇ ನೋಡುತ್ತಿದ್ದೆ.

ಆಗ ಬಾಗಿಲ ಕೆಳಗಿನಿಂದ ದೊಡ್ಡಯ್ಯನವರ ದನಿ ಬಂತು. "ಚಿಕ್ಕವ್ವಾರೆ, ಅತ್ತು ಕಣ್ಣು ಊದ್ಸಿಕೊಂಡಿದ್ದೀರಿ. ನಿಮ್ಗೆ ಆ ಗಂಡು ಬೇಕಾ, ಬ್ಯಾಡ್ವಾ?"

ನನಗೆ ಕಂಬದ ಹಿಂದೆ ಬಚ್ಚಿಟ್ಟುಕೊಳ್ಳುವ ಮನಸ್ಸಾಯಿತು. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ. "ಬೇಕು" ಎಂದುಬಿಟ್ಟೆ. "ಅವ್ರೇ ಬೇಕು."

ಲೊಚ ಲೊಚ ಲೊಚ!

ಒಬ್ಬರು ಮಾತಾಡಿದ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ನಿಜ ಎಂದು ನಮ್ಮ ಕಡೆ ನಂಬಿಕೆ. ಅತ್ತೆಯ ಬೆರಳು ತಾನಾಗಿಯೇ ಜಗಲಿಯನ್ನು ಮೂರು ಸಲ ತಟ್ಟಿತು. "ಸತ್ಯ, ಸತ್ಯ, ಸತ್ಯ" ಎಂದು ಬಾಯಿಯೂ ಹೇಳಿಬಿಟ್ಟಿತು. ಹೇಳಿದ ಮೇಲೆ ಅತ್ತೆ ನನ್ನ ಮುಖ ನೋಡಿದರು.

ದೊಡ್ಡಯ್ಯ ಎದ್ದು ಕೂತರು. ಅವರ ಕೈಯಲ್ಲಿ ಸಿಪ್ಪೆ ಸುಲಿದ ಒಂದು ವೈರು. "ಇದೇ ಕಣ್ರವ್ವಾ ಹಲ್ಲಿ. ಬೀಗ ಎಳಿಯೋ ಕಾಯಿಲ್‌ಗೆ ಓಗೋ ವೈರು. ಬಾಗ್ಲು ತಗ್ದು ಮುಚ್ಚಿ ಸವ್ದೋಗ್ಯದೆ. ಅರ್ದಂಬರ್ದ ತಾಕುದ್ರೆ ಲೊಚ ಲೊಚ ಅಂತದೆ, ಪೂರಾ ತಾಕುದ್ರೆ ಬೀಗ ಬೀಳ್ತದೆ." ತಾಕಿಸಿಯೂ ತೋರಿಸಿದರು. ಕರಿಬಸವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಅಕ್ಕನ ಎದುರಿಗೇ ನಕ್ಕರು.

ಅತ್ತೆಯ ಮುಖ ಕೆಂಪಾಯಿತು. ಆದರೂ ಹೆಂಗಸು ಗಟ್ಟಿ. ಸೆರಗು ಸರಿಮಾಡಿಕೊಂಡು, "ವೈರಾದ್ರೇನು? ನನ್ ಬಾಯಲ್ಲಿ ಸತ್ಯ ಅಂತ ಬಂದೋಯ್ತು. ಆಡಿದ್ ಮಾತ ನುಂಗಕ್ಕಾದದಾ? ನಡೀರಿ, ಹೋಗನ" ಎಂದು ಮೊದಲು ಹತ್ತಿ ಕೂತವರು ಅವರೇ. ನನ್ನ ಸಿಟ್ಟು ಅರ್ಧ ಇಳಿದದ್ದು ಅಲ್ಲೇ.

ದೊಡ್ಡಯ್ಯ ವೈರಿಗೆ ಕರಿ ಟೇಪು ಸುತ್ತಿ, ಬಾಗಿಲನ್ನು ಹತ್ತು ಸಲ ತೆಗೆದು ಹಾಕಿ ನೋಡಿ, ದಾರಿಯಲ್ಲಿ ತಂಟೆಯಾದರೆ ಇರಲೆಂದು ತಾವೂ ಮುಂದಿನ ಸೀಟಿಗೆ ಹತ್ತಿದರು. ಕಾರು ತೆರಕಣಾಂಬಿ ರಸ್ತೆಗೆ ತಿರುಗುವವರೆಗೂ ಹಾರನ್ನು ಕೇಳುತ್ತಿತ್ತು.

ನಾನು ಒಳಗೆ ಹೋಗಿ ಮತ್ತೆ ಅತ್ತುಬಿಟ್ಟೆ. ಮೇಷ್ಟ್ರು ಸಿಗುತ್ತಾರೆ ಅನ್ನುವ ಸಂತೋಷಕ್ಕೆ ಅಂದುಕೊಂಡರು ಮನೆಯವರು. ಅದಕ್ಕಲ್ಲ. ನಾನು ಹುಟ್ಟಿದಾಗಿನಿಂದ, ನಿನಗೆ ಬೇಕಾ ಎಂದು ನನ್ನನ್ನು ಒಬ್ಬರು ಕೇಳಿದ್ದು ಅದೇ ಮೊದಲು.