ಪಟ್ಟದ ರಾಣಿಯ ಪಕ್ಕ ಕೂತವಳು

ನಾನು ಕೆಲಸ ಮಾಡುವ ಲಾಸ್ ಏಂಜಲೀಸ್‌ನ ಆಟಿಕೆ ಕಂಪನಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳಿಗೆಂದು ಕೂದಲಿಲ್ಲದ ಗೊಂಬೆಯೊಂದನ್ನು ಮಾಡಿತ್ತು. ನೋಡಿದ ಮಕ್ಕಳಿಗೆ ಸಂಕಟವಾದರೆ ಏನು ಗತಿ ಎಂದು ಮೀಟಿಂಗ್ ಮೇಲೆ ಮೀಟಿಂಗ್. ಸ್ಯಾನ್ ಡಿಯೇಗೋದಲ್ಲಿ ಸ್ಯಾಂಪಲನ್ನು ವೈದ್ಯರಿಗೆ ತೋರಿಸಿ ವಾಪಸು ಹೊರಟವಳು, ಅದೇ ಊರಿನ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಪರಿಚಯದ ಆಂಟಿಯ ಮನೆಗೆ ದಸರಾ ಗೊಂಬೆ ನೋಡಲು ಹೋದೆ.

ಅಲ್ಲಿ ರೇಷ್ಮೆ ಲಂಗ, ಉಣ್ಣೆ ಟೋಪಿ ತೊಟ್ಟ ಪುಟ್ಟ ಹುಡುಗಿಯೊಬ್ಬಳು ನನ್ನ ಚೀಲದಿಂದ ಗೊಂಬೆಯನ್ನು ಎಳೆದುಕೊಂಡು, ಸೀದಾ ಪಟ್ಟದ ರಾಜ ರಾಣಿಯ ಪಕ್ಕ ಕೂರಿಸಿದಳು. ಟೋಪಿಯ ಕೆಳಗೆ ಅವಳಿಗೂ ಕೂದಲಿರಲಿಲ್ಲ.

"ಅಯ್ಯೋ ಪುಟ್ಟಾ, ಹಬ್ಬದ ದಿನ ಬೋಳುತಲೆ ಗೊಂಬೆ ಇಡಬಾರದಮ್ಮ, ತೆಗಿ" ಎಂದುಬಿಟ್ಟರು ಆಂಟಿ. ಹುಡುಗಿಯ ಅಮ್ಮ ತಲೆ ತಗ್ಗಿಸಿದಳು.

ಹುಡುಗಿ ಮಾತ್ರ ಕೆಳಗಿನ ಮೆಟ್ಟಿಲಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಕೂತಿದ್ದ ಶೆಟ್ಟರ ಗೊಂಬೆಗೆ ಬೆರಳು ತೋರಿಸಿದಳು. "ಬಟ್ ಆಂಟಿ, ಹೀ ಈಸ್ ಬಾಲ್ಡ್ ಟೂ!"

ಆಂಟಿ ಶೆಟ್ಟರನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. "ಹೌದಲ್ವೇನೇ! ಮದುವೆಯಾದಾಗಿಂದ ಕೂರಿಸ್ತಿದೀನಿ, ಒಂದು ದಿನಾನೂ ಗಮನಿಸಿಲ್ಲ ನೋಡು" ಎಂದು ನಕ್ಕು, ಹೊಸ ಗೊಂಬೆಯ ಹಣೆಗೆ ತಾವೇ ಕುಂಕುಮ ಇಟ್ಟರು. ಆಮೇಲೆ ಹುಡುಗಿಗೂ ಇಟ್ಟರು.

ಅವಳಮ್ಮ ನನಗೆ ಥ್ಯಾಂಕ್ಸ್ ಹೇಳಿದಳು. ಹೇಳಬೇಕಾದವಳು ನಾನು. ಅಷ್ಟೊಂದು ಮೀಟಿಂಗಿನಲ್ಲಿ ಒಂದು ಮಗುವನ್ನೂ ನಾವು ಕೇಳಿರಲಿಲ್ಲ.

ಮರುದಿನ ಬಾಸ್ ಸ್ಯಾಂಪಲ್ ಎಲ್ಲಿ ಅಂದ. ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ ಅಂದೆ. ಪಾಪ, ಕಂಪನಿಯ ರಜೆಗಳ ಕ್ಯಾಲೆಂಡರಿನಲ್ಲಿ ಅದನ್ನು ಇನ್ನೂ ಹುಡುಕುತ್ತಿದ್ದಾನೆ.