ಹಗೇವಿನೊಳಗಿನ ವಿಮಾನ

ನಮ್ಮಣ್ಣನ ಮುಂಗೈ ಮೇಲೆ ಹಲ್ಲಿನ ಗುರುತೊಂದಿತ್ತು. ಅದು ನಾಯಿಯದಲ್ಲ, ಕಲ್ಯಾಣಿಯ ಗಡಿಯಾರ ರಿಪೇರಿಯವನದು. ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎನ್ನುತ್ತಿದ್ದೆವು. ಎರಡು ರೆಕ್ಕೆಯ ವಿಮಾನ ಮೇಲೋ, ಒಂದೇ ರೆಕ್ಕೆಯದು ಮೇಲೋ ಎಂಬ ವಾದ ಹತ್ತಿ, ಹುಮನಾಬಾದಿನ ಟೆಂಟ್ ಸಿನೆಮಾದ ಹಿಂದೆ ಇಬ್ಬರೂ ಮಣ್ಣಿನಲ್ಲಿ ಉರುಳಾಡಿ ಹೊಡೆದಾಡಿದಾಗ ಅವನು ಕಚ್ಚಿದ್ದು. ಆ ಪುಣ್ಯಾತ್ಮ ಕಲ್ಯಾಣಿಯಿಂದ ಮೋಟಾರು ಹತ್ತಿ ಬರುತ್ತಿದ್ದದ್ದು ವಿಮಾನದ ಮಾತಾಡಲು, ವಾಪಸ್ ಹೋಗುತ್ತಿದ್ದದ್ದು ಅಂಗಿ ಹರಿದುಕೊಂಡು. ಮುಂದಿನ ವಾರ ಮತ್ತೆ ಹಾಜರ್! ಇಂಥ ಹುಚ್ಚರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನೇನು ಶಾಂತಮೂರ್ತಿಯಲ್ಲ. ಗಂಡನ ಮನೆಯಲ್ಲಿ ಅತ್ತೆ ಕೊಳ್ಳಿ ಎತ್ತಿದಳು, ನಾನು ಒನಕೆ ಎತ್ತಿದೆ. ಅಂದೇ ಗಂಟು ಕಟ್ಟಿಕೊಂಡು ಹುಮನಾಬಾದಿನ ತವರಿಗೆ ಬಂದು ಕೂತೆ. ಅವ್ವ ಎದೆ ಬಡಿದುಕೊಂಡು ಅತ್ತಳು. ಅಣ್ಣ ಮಾತ್ರ ನಕ್ಕ. "ಬಂದ್ಯಾ? ಛಲೋ ಆತು ಬಿಡು. ಮನ್ಯಾಗ ನನ್ನ ಮಾತು ಕೇಳಾವ್ರು ಒಬ್ರರೆ ಬೇಕಾಗಿತ್ತು" ಎಂದ. ಅವನ ಮಾತೆಂದರೆ ಮತ್ತೇನು, ವಿಮಾನ.

ಆ ಹುಚ್ಚು ಹಿಡಿದದ್ದು ಮೂವತ್ತರ ದಶಕದಲ್ಲಿ. ಘಾಟಬೋರಾಳದ ಕಡೆಗಿದ್ದ ನಮ್ಮ ಹೊಲದಲ್ಲಿ ಜೋಳ ಕೊಯ್ದು ಮುಗಿದಿತ್ತು. ಎರಡು ರೆಕ್ಕೆಯ ಸಣ್ಣ ವಿಮಾನವೊಂದು ಕೆಮ್ಮುತ್ತ ಕೆಮ್ಮುತ್ತ ಬಂದು ಆ ಕೂಳೆಯ ಮೇಲೆ ಇಳಿಯಿತು. ಗಾಲಿಗಳು ಕರಿಮಣ್ಣಿನಲ್ಲಿ ಹೂತುಹೋದವು. ಊರವರು ಕೋಲು, ಕಲ್ಲು ಹಿಡಿದು ಓಡಿದರು. ಯಾರೋ ಬೀಸಿದ ಕಲ್ಲಿಗೆ ರೆಕ್ಕೆಯ ಬಟ್ಟೆ ಹರಿಯಿತು. ಒಳಗಿದ್ದ ಇಬ್ಬರು ಪರದೇಶಿಗಳನ್ನು ಎಳೆದು ಬಡಿಯುವುದೊಂದೇ ಬಾಕಿ, ಅಷ್ಟರಲ್ಲಿ ಅಣ್ಣ ನಡುವೆ ನಿಂತ. ಅವರಿಗೆ ಬೀಳಬೇಕಾದ ಕೋಲು ಅವನ ತಲೆಗೆ ಬಿತ್ತು. ರಕ್ತ ಒರೆಸಿಕೊಳ್ಳುತ್ತಲೇ ಎರಡು ಜೋಡಿ ಎತ್ತು ತಂದು, ಹಗ್ಗ ಕಟ್ಟಿ, ವಿಮಾನವನ್ನು ಗಟ್ಟಿ ನೆಲಕ್ಕೆ ಎಳೆಸಿದ. ಪರದೇಶಿಗಳಲ್ಲಿ ಒಬ್ಬ ಅದನ್ನೆಲ್ಲ ಸಿನೆಮಾ ಕ್ಯಾಮೆರಾದಲ್ಲಿ ತೆಗೆದುಕೊಂಡ. ಒಂದು ಪ್ರತಿ ಕಳಿಸುತ್ತೇನೆ ಎಂದು ಹೇಳಿ ಹೋದ. ಯಾರೂ ನಂಬಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಟಪಾಲಿನಲ್ಲಿ ದುಂಡನೆಯ ತಗಡಿನ ಡಬ್ಬಿಯೊಂದು ಬಂತು, ಒಳಗೆ ಆ ಸಿನೆಮಾದ ಸುರುಳಿ.

ಅದನ್ನು ತೋರಿಸಿದವನು ಟೆಂಟಿನ ಆಪರೇಟರ್. ಮುಸಲ್ಮಾನ, ಅಣ್ಣನ ಜೀವದ ಗೆಳೆಯ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ತಂಗಿ ಎನ್ನುತ್ತಿದ್ದ. ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ಆ ಪಟ ಮುಗಿದುಹೋಗುತ್ತಿತ್ತು. ಎತ್ತುಗಳು ಬರುತ್ತವೆ, ಹಗ್ಗ ಬಿಗಿಯುತ್ತದೆ, ಅಣ್ಣ ನಮ್ಮ ಕಡೆ ತಿರುಗಿ ಹಲ್ಲು ಕಿಸಿದು ನಗುತ್ತಾನೆ. ಆಮೇಲೆ ವಿಮಾನದ ಮೂತಿಯ ಪಂಖ ತಿರುಗಿ, ಅವನ ರುಮಾಲು ಹಾರಿ, ಅದರ ಹಿಂದೆ ಅವನು ಓಡುತ್ತಾನೆ. ಅಷ್ಟೇ! ಅಷ್ಟಕ್ಕೆ ಕಲ್ಯಾಣಿಯಿಂದ ಗಡಿಯಾರದವನು ಬರಬೇಕು, ಮೂವರೂ ಸೇರಿ ಮತ್ತೆ ಮತ್ತೆ ಹಾಕಿಸಿ ನೋಡಬೇಕು, ಕೊನೆಗೆ ಹೊಡೆದಾಡಬೇಕು.

ಭಾಯಿಗೆ ಆ ಪಟದ ಮೇಲೆ ತನ್ನ ಮಕ್ಕಳ ಮೇಲಿದ್ದದ್ದಕ್ಕಿಂತ ಹೆಚ್ಚು ನಿಗಾ. ಹರಿದಲ್ಲಿ ಅಂಟಿಸುವನು, ಮೆತ್ತನೆಯ ಬಟ್ಟೆಯಲ್ಲಿ ಒರೆಸುವನು, ಬೇರೆ ಯಾರಾದರೂ ಬೆರಳು ತಾಗಿಸಿದರೆ ಕೈ ಮೇಲೆ ಚಟ್ಟನೆ ಹೊಡೆಯುವನು. ಒಂದು ದಿನ ನಮ್ಮ ಹಿತ್ತಲಲ್ಲಿ, ದನ ನೀರು ಕುಡಿಯುವ ಕಲ್ಲಿನ ಬಾನಿಯ ಪಕ್ಕ ನಮ್ಮನ್ನೆಲ್ಲ ನಿಲ್ಲಿಸಿ, ಯಾವುದೋ ಹಳೇ ಪಟದ ತುಂಡಿಗೆ ಬೆಂಕಿ ಹಚ್ಚಿ ನೀರಿಗೆ ಎಸೆದ. ಅದು ಆರಲಿಲ್ಲ. ನೀರಿನೊಳಗೇ ಬುಸುಗುಡುತ್ತ, ಹಳದಿ ಹೊಗೆ ಕಾರುತ್ತ ಉರಿದು ಮುಗಿಯಿತು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯ ಶಿವನ! ಇದೇನ್ ಮಾಟನೋ?" ಎಂದಳು.

"ಮಾಟ ಅಲ್ಲ ಅವ್ವಾ, ಇದರ ಜಾತೀನೇ ಇಂಥದ್ದು. ಬ್ಯಾಸಿಗ್ಯಾಗ ಭಾಳ ಕಾಯ್ದ್ರ ತಾನೇ ಹತ್ಕೋತದ. ಥಂಡ ಜಾಗಾ ಬೇಕು" ಎಂದ ಭಾಯಿ.

ಥಂಡ ಜಾಗ ಎಂದರೆ ಹಗೇವು. ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಅದರ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಳಗೆ ಬೇಸಗೆಯಲ್ಲೂ ತಂಪು. ಹಿತ್ತಲಲ್ಲಿ ನಮ್ಮದೊಂದು ಖಾಲಿ ಬಿದ್ದಿತ್ತು. ಅಣ್ಣ ಡಬ್ಬಿಯನ್ನು ಮಡಕೆಯಲ್ಲಿಟ್ಟು ಅದರಲ್ಲಿ ಇಳಿಸಿದ. ಆದರೆ ಹಗೇವಿಗೆ ಒಂದು ಕಟ್ಟಳೆಯುಂಟು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಇಳಿದವನು ಅಲ್ಲೇ ಸಾಯುತ್ತಾನೆ. ಅದಕ್ಕೆ ನಮ್ಮ ಸೀಮೆಯಲ್ಲಿ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಇಳಿಯಬಾರದು. ಈ ಕಟ್ಟಳೆಯನ್ನು ಎಂಥ ಪುಂಡನೂ ಮೀರುವುದಿಲ್ಲ. ನಮ್ಮ ಆ ಹಗೇವಿಗೆ ಮಾತ್ರ ದೀಪ ವರ್ಜ್ಯ. ಕಂಬಳಿ ಇಳಿಸಿ ಎತ್ತಿ, ಇಳಿಸಿ ಎತ್ತಿ, ಗಾಳಿ ಬದಲಾಯಿಸಿ ಆಮೇಲೆ ಅಣ್ಣ ಇಳಿಯುತ್ತಿದ್ದ. ಓಣಿಯೆಲ್ಲ ನಗುತ್ತಿತ್ತು. "ಜ್ವಾಳ ಇಡೂ ಜಾಗಾದಾಗ ಇಮಾನ ಇಟ್ಟಾನ ನೋಡ್ರಿ" ಎಂದು ನಮ್ಮ ಕಾಕಾ, ಅಪ್ಪನ ತಮ್ಮ, ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದ.

ನಲವತ್ತೆಂಟು ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಾವಿನ್ನೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದೆವು. ಖಾಕಿ ತೊಟ್ಟು, ಕತ್ತಿ ಬಂದೂಕು ಹಿಡಿದು ಊರೂರು ಸುಲಿಯುತ್ತಿದ್ದ ದಂಡಿನ ಹೆಸರು ಎಲ್ಲರಿಗೂ ಗೊತ್ತು. ನನ್ನ ಬಾಯಲ್ಲಿ ಮಾತ್ರ ಅದು ಬರುವುದಿಲ್ಲ. ನಮ್ಮ ಮನೆಯಲ್ಲಿ ಅವರು ಬರೀ ಲೂಟಿಯವರು. ಗೋರ್ಟಾದ ಕಡೆಯಿಂದ ಓಡಿಬಂದವರ ಬಾಯಲ್ಲಿ ಕೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ.

ಅಣ್ಣ ಪ್ರೊಜೆಕ್ಟರಿಗೆ ಒಂದು ಸ್ಪ್ರಿಂಗ್ ಮಾಡಿಸಲು ಭಾಯಿಯ ಜೊತೆ ಗಾಡಿ ಕಟ್ಟಿಕೊಂಡು ಕಲ್ಯಾಣಿಗೆ ಹೋಗಿದ್ದ. ಬರುವಾಗ ದಾರಿಯಲ್ಲಿ ಲೂಟಿಯವರು ಅಡ್ಡ ಹಾಕಿ ಎತ್ತು ಬಿಚ್ಚಿದರು. ಅಣ್ಣ ಹಗ್ಗ ಬಿಡಲಿಲ್ಲ. ಬಿಡಬಾರದಿತ್ತೇನು? ಬಿಡಬೇಕಾಗಿತ್ತು, ಮೂರ್ಖ! ಮೊದಲ ಏಟಿಗೆ ಹಗ್ಗ ಹಿಡಿದ ಕೈ ಹೋಯಿತು. ಎರಡನೆಯದು ಕುತ್ತಿಗೆಗೆ ಬಿತ್ತು. ನಡುವೆ ಬಂದ ಭಾಯಿಯ ಎಡಗೈಯನ್ನು ಬಂದೂಕಿನ ಹಿಡಿಯಿಂದ ಜಜ್ಜಿ, "ನೀನು ನಮ್ಮವನು, ಅದಕ್ಕೇ ಜೀವಂತ ಬಿಟ್ಟಿದ್ದೇವೆ" ಎಂದು ಉಗುಳಿ ಹೋದರಂತೆ. ಎತ್ತಿಲ್ಲದ ಗಾಡಿಯಲ್ಲಿ ಅಣ್ಣನನ್ನು ಮಲಗಿಸಿ, ಮುರಿದ ಕೈ ಎದೆಗೆ ಕಟ್ಟಿಕೊಂಡು, ನೊಗಕ್ಕೆ ತಾನೇ ಹೆಗಲು ಕೊಟ್ಟು ಭಾಯಿ ಎಳೆದುಕೊಂಡು ಬಂದ. ಗಾಡಿಯ ಹಲಗೆಯ ಸಂದಿನಿಂದ ರಕ್ತ ತೊಟ್ಟಿಕ್ಕಿ ಅಂಗಳದ ಸಾರಣೆಯ ಮೇಲೆ ಬಿತ್ತು. ಅವ್ವ ಅಳಲಿಲ್ಲ. ನಾನು ಲೂಟಿಯವರ ಏಳು ತಲೆಮಾರಿಗೆ ಬಾಯಿಗೆ ಬಂದಂತೆ ಬೈದೆ.

ಅಣ್ಣನದು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಆ ಡಬ್ಬಿಯೊಂದೇ. ದಿನಕಾರ್ಯಗಳೆಲ್ಲ ಮುಗಿದ ಮೇಲೆ ಅವ್ವ ಭಾಯಿಯನ್ನು ಕರೆಸಿ, "ನನ್ನ ಮಗನ್ನ ತೋರಸು" ಎಂದಳು. ನಮ್ಮ ಜೋಳದ ಕೋಣೆ ಹಗಲಿನಲ್ಲೂ ಕತ್ತಲೆ. ಭಾಯಿ ಕೈಯಿಂದ ತಿರುಗಿಸುವ ಹಳೇ ಮಿಷಿನ್ ತಂದು, ದೀಪ ಹಚ್ಚಿ, ಸುಣ್ಣದ ಗೋಡೆಯ ಮೇಲೆ ಪಟ ಬಿಟ್ಟ. ಅಣ್ಣ ತಿರುಗಿ ನಕ್ಕ. ಅವ್ವ ಎದ್ದುಹೋಗಿ ಗೋಡೆಗೆ ಮುಷ್ಟಿಯಿಂದ ಗುದ್ದಿದಳು. "ನಗ್ತಾನ ನೋಡು! ನನ್ನ ಹೊಟ್ಟಿ ಉರಿಸಿ ನಗ್ತಾನ, ಖೋಡಿ!" ಸುಣ್ಣ ಉದುರಿತು. ಆಮೇಲೆ ಕೂತು, "ಮತ್ತೊಮ್ಮಿ ಹಾಕು" ಎಂದಳು.

ದಿನಾ ಹಾಕು ಎಂದು ಹಟ ಹಿಡಿದಳು. ಭಾಯಿ ಒಪ್ಪಲಿಲ್ಲ. "ಒಂದೊಂದ್ ಸಲ ತಿರುಗಿಸಿದ್ರ ಒಂದೊಂದ್ ಗೀರು ಬೀಳ್ತದ ಅವ್ವಾ. ಹಿಂಗ ಮಾಡಿದ್ರ ಅಂವ ಅಳಿಸಿ ಹೋಗ್ತಾನ."

"ನನ್ನ ಮಗನ್ನ ನೋಡಾಕ ನಿನ್ನ ಅಪ್ಪಣಿ ಬೇಕೇನೋ?" ಅವ್ವ ಸೌಟು ಬೀಸಿದಳು. ಕಡೆಗೆ ಅಮಾವಾಸ್ಯೆಗೊಮ್ಮೆ ಎಂದು ಇಬ್ಬರೂ ರಾಜಿಯಾದರು. ಅಲ್ಲಿಂದ ಅವ್ವ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬದುಕತೊಡಗಿದಳು.

ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂತು. ಅದಕ್ಕಿಂತ ಮೊದಲು ವಿಮಾನಗಳು ಬಂದವು. ಒಂದೇ ರೆಕ್ಕೆಯವು, ನೆತ್ತಿಯ ಮೇಲೆ ಆಕಾಶ ಹರಿದ ಹಾಗೆ ಸದ್ದು ಮಾಡುತ್ತ ಹೋದವು. ಎಲ್ಲರೂ ಮಾಳಿಗೆ ಹತ್ತಿ ಕುಣಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇವನ್ನು ನೋಡಬೇಕಾದವನು ಮಣ್ಣಲ್ಲಿದ್ದ.

ಲೂಟಿಯವರು ಓಡಿಹೋದರು. ಆಗ ನಮ್ಮವರ ಕೈಗೆ ಕೊಡಲಿ ಬಂತು. ಲೂಟಿಯವರು ಸಿಗಲಿಲ್ಲವಲ್ಲ, ಸಿಕ್ಕ ಮುಸಲ್ಮಾನರನ್ನು ಕಡಿದರು. ಪಿಂಜಾರ ಮುದುಕನನ್ನು ಅವನ ಹತ್ತಿಯ ಮೇಲೆಯೇ ಕಡಿದು ಕೆಡವಿದರು. ಭಾಯಿ ಹೆಂಡತಿ ಮಕ್ಕಳನ್ನು ಹೈದರಾಬಾದಿನ ಕಡೆ ಕಳಿಸಿ, ತಾನು ಸಂಜೆ ನಮ್ಮ ಹಿತ್ತಲ ಗೋಡೆ ಹಾರಿ ಬಂದ. ಅವ್ವ ಹಗೇವಿನತ್ತ ಕೈ ತೋರಿಸಿದಳು. ಕಂಬಳಿ ಇಳಿಸಿ ಗಾಳಿ ಬದಲಾಯಿಸಿದೆವು. ಭಾಯಿ ಇಳಿದವನೇ ಡಬ್ಬಿಯನ್ನು ಮೇಲಕ್ಕೆ ಚಾಚಿದ. "ತಂಗಿ, ಇದನ್ನ ನೀ ಇಟ್ಕೋ. ಯಾರರೆ ಒಂದು ಬೀಡಿ ಒಗದ್ರ ನಾನೂ ಇರಂಗಿಲ್ಲ, ಅಂವನೂ ಇರಂಗಿಲ್ಲ." ಗಾಳಿಗೆ ಸಂದು ಬಿಟ್ಟು ಕಲ್ಲು ಮುಚ್ಚಿ, ಮೇಲೆ ಸಗಣಿಯ ಕುಳ್ಳು ಒಟ್ಟಿದೆವು.

ಬೆಳಿಗ್ಗೆ ಹಿತ್ತಲ ಬಾಗಿಲು ಒದ್ದು ಗುಂಪು ಒಳಗೆ ಬಂತು. ಮುಂದೆ ನಮ್ಮ ಕಾಕಾ. ಅವನ ಕೊಡಲಿಯ ಹಿಡಿ ರಕ್ತದಿಂದ ಒದ್ದೆಯಾಗಿತ್ತು. ಕುಳ್ಳು ಒದ್ದು ಚೆಲ್ಲಿದರು, ಕಲ್ಲು ಕಂಡಿತು.

"ವೈನಿ, ಅಂವ ಒಳಗ ಅದಾನೇನು?" ಕಾಕಾ ಅವ್ವನನ್ನು ಕೇಳಿದ.

"ಯಾವಂವ?"

"ನಿನ್ನ ಮಗನ್ನ ಕಡದವರ ಪೈಕಿಯವ."

"ನನ್ನ ಮಗನ್ನ ಎಳಕೊಂಡು ಬಂದವನು ಅಂವ. ಆವತ್ತು ನೀ ಎಲ್ಲಿದ್ದಿ? ಅಟ್ಟದ ಮ್ಯಾಲ ಅಡಗಿದ್ದಿ!"

ಕಾಕಾನ ಮುಖ ಕೆಂಪಾಯಿತು. "ಕಂದೀಲ ತರ್ರಿ" ಎಂದು ಕೂಗಿದ. ಒಬ್ಬ ಕಂದೀಲು ತಂದ, ಇನ್ನೊಬ್ಬ ಹಗ್ಗ ಕಟ್ಟಿದ. ದೀಪ ಇಳಿದರೆ ಭಾಯಿ ಕಾಣುತ್ತಾನೆ, ಕಂಡರೆ ಕೊಡಲಿ ಇಳಿಯುತ್ತದೆ.

ಅವ್ವ ಒಳಗೆ ಹೋದಳು. ಒಲೆಯ ಹಿಂದೆ ನಾನು ಬಚ್ಚಿಟ್ಟಿದ್ದ ಡಬ್ಬಿಯನ್ನು ಎತ್ತಿ ತಂದಳು. ಇನ್ನೊಂದು ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಕೆಂಡ. ಅದು ಹಿಂದಿನ ಅಮಾವಾಸ್ಯೆಯಲ್ಲಿ ಅವಳು ಕಣ್ಣು ಪಿಳಿಕಿಸದೆ ನೋಡಿದ ಪಟ. "ಅವ್ವಾ, ಬ್ಯಾಡ!" ಎಂದು ಚೀರಿದೆ. ಅವಳು ನನ್ನನ್ನು ಮೊಣಕೈಯಿಂದ ದೂಡಿದಳು. ಮುಚ್ಚಳ ಕಿತ್ತು, ಪಟದ ತುದಿಗೆ ಕೆಂಡ ಮುಟ್ಟಿಸಿ, ಭಗ್ಗೆಂದು ಹತ್ತಿದ ಡಬ್ಬಿಯನ್ನು ಬಾನಿಯ ನೀರಿಗೆ ಎಸೆದಳು.

ನೀರು ಕುದಿಯಿತು. ನೀರಿನ ತಳದಲ್ಲಿ ಬೆಂಕಿ ನಿಂತು ಬುಸುಗುಟ್ಟಿತು. ಹಳದಿ ಹೊಗೆ ಎದ್ದು ಹಿತ್ತಲೆಲ್ಲ ಕವಿಯಿತು. ಗುಂಪು ಗೋಡೆಗೆ ಅಂಟಿಕೊಂಡು ಕೆಮ್ಮತೊಡಗಿತು. ಕಂದೀಲು ಹಿಡಿದವನು ಅದನ್ನು ಬಿಟ್ಟೇ ಓಡಿದ.

"ನೋಡಿದ್ರೇನು?" ಅವ್ವ ಹೊಗೆಯೊಳಗೆ ನಿಂತು ಕೂಗಿದಳು. "ಇದು ಒಂದು. ಟೆಂಟಿನ ಇಂಥ ಪಟ ಎಲ್ಲಾ ಆ ಹಗೇವಿನಾಗ ಅದಾವ. ನನ್ನ ಮಗ ಅದಕ್ಕ ದೀಪ ಯಾಕ ಇಳಸ್ತಿದ್ದಿಲ್ಲ, ಓಣಿಗೆಲ್ಲಾ ಗೊತ್ತದ. ಈಗ ಇಳಸ್ರಿ ಕಂದೀಲ! ಇಳಸ್ರಿ!"

"ದೀಪ ಬಿಟ್ಟು ಹಂಗ ಇಳೀರಿ" ಎಂದು ಹಿಂದಿನಿಂದ ಯಾರೋ ಅಂದರು. ಯಾರೂ ಮುಂದೆ ಬರಲಿಲ್ಲ. ದೀಪ ಇಳಿಯದ ಹಗೇವಿಗೆ ಮನುಷ್ಯ ಇಳಿಯುವುದಿಲ್ಲ, ಕೊಲ್ಲಲು ಬಂದವನೂ ಇಳಿಯುವುದಿಲ್ಲ. ಕಾಕಾ ಕೊಡಲಿಯಿಂದ ಬಾನಿಯ ಅಂಚಿಗೊಂದು ಏಟು ಹಾಕಿ, ಕಲ್ಲು ಸಿಡಿಸಿ, ಗುಂಪು ಕಟ್ಟಿಕೊಂಡು ಹೊರಟುಹೋದ. ಅವನ ಮನೆಯ ನೀರನ್ನು ನಾನು ಮತ್ತೆ ಮುಟ್ಟಲಿಲ್ಲ.

ಫೌಜಿನವರು ಊರಿಗೆ ಬಂದು ಗಲಾಟೆ ತಣ್ಣಗಾದ ಮೇಲೆ ಭಾಯಿಯನ್ನು ಹೊರಗೆ ತೆಗೆದೆವು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವನು ಮೊದಲು ಕೇಳಿದ್ದು, "ಡಬ್ಬಿ ಎಲ್ಲಿ?" ಅವ್ವನ ಬೆರಳುಗಳ ಸುಟ್ಟ ಗಾಯಕ್ಕೆ ನಾನು ಎಣ್ಣೆ ಸವರಿದ್ದೆ. ಅವನು ಆ ಬೆರಳು ನೋಡಿದ, ಬಾನಿ ನೋಡಿದ, ಅಲ್ಲೇ ಕುಸಿದು ಕೂತು ತಲೆ ತಲೆ ಚಚ್ಚಿಕೊಂಡ. "ಯಾಕ್ ಸುಟ್ಟಿ ಅವ್ವಾ? ನನ್ನ ಸಲುವಾಗಿ ಅಂವನ್ನ ಯಾಕ್ ಸುಟ್ಟಿ?"

ಅವ್ವ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಅಂವ ಸತ್ತಾನ. ನೀ ಅದಿ. ಏಳು, ರೊಟ್ಟಿ ತಿನ್ನು."

ನಲವತ್ತೊಂಬತ್ತರಲ್ಲಿ ಕಲ್ಯಾಣಿಯ ಗಡಿಯಾರದವನು ಮತ್ತೆ ಬಂದ. ಅಂದು ಅಮಾವಾಸ್ಯೆ. ಯಾರು ಹೇಳಿದರೋ ಕಾಣೆ, ಭಾಯಿ ಜೋಳದ ಕೋಣೆಗೆ ಮಿಷಿನ್ ತಂದಿಟ್ಟು ದೀಪ ಹಚ್ಚಿದ. ಪಟವಿಲ್ಲದ ಮಿಷಿನ್ನಿನ ಹಿಡಿಕೆಯನ್ನು ನೆಟ್ಟಗಿದ್ದ ಒಂದೇ ಕೈಯಲ್ಲಿ ತಿರುಗಿಸತೊಡಗಿದ. ಅವ್ವ ಗುದ್ದಿ ಸುಣ್ಣ ಉದುರಿದ್ದ ಜಾಗದ ಮೇಲೆ ಬರೀ ಬೆಳಕು ಬಿತ್ತು.

"ಎತ್ತು ಬಂದ್ವು" ಎಂದ ಭಾಯಿ. "ಹಗ್ಗ ಬಿಗೀತು. ಈಗ ರುಮಾಲ ಹಾರ್ತದ."

"ಏ, ರುಮಾಲ ಆಮ್ಯಾಲೆ. ಮೊದಲ ಪಂಖ ತಿರುಗಬೇಕು" ಎಂದ ಗಡಿಯಾರದವನು.

"ನಂಗ್ ಹೇಳ್ತಿ? ತಿರುಗಿಸಿದಂವ ನಾನು!"

"ತಿರುಗಿಸಿದ್ರ ಏನಾತು, ಕಣ್ಣಿದ್ದಿಲ್ಲೇನು?"

ಇಬ್ಬರೂ ಎದ್ದು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ನಾನು ಬಿಡಿಸಲು ಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಮನೆ ಮನೆಯ ಹಾಗಿತ್ತು.

"ಸುಮ್ಕ ಕೂಡ್ರಿ ಇಬ್ಬರೂ!" ಅವ್ವ ಗದರಿದಳು. ಅವಳ ಕಣ್ಣು ಗೋಡೆಯ ಮೇಲೇ ಇತ್ತು. "ನಗಾಕತ್ತಾನ, ನೋಡ್ರಿ."

ಅವರು ಕೈ ಬಿಟ್ಟು ಕೂತರು. ಭಾಯಿ ಮತ್ತೆ ಹಿಡಿಕೆ ತಿರುಗಿಸಿದ. ನಾವೆಲ್ಲ ಗೋಡೆಯನ್ನು ನೋಡಿದೆವು.